ಲೆಕ್ಕದಕ್ಕನ ಕೆಂಪು ಪೆನ್ಸಿಲು

ನಾನು ಗ್ರಂಥಾಲಯದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಮನುಷ್ಯ, ಮೊದಲೇ ಹೇಳಿಬಿಡುತ್ತೇನೆ. ಆದರೂ ಎದುರು ಮೇಜಿನ ಲೆಕ್ಕದಕ್ಕನ ಮೇಲೆ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಸಿಟ್ಟಾದವನಲ್ಲ.

ಅವಳ ಕೆಲಸವೇ ವಿಚಿತ್ರ. ನಮ್ಮ ಸಂಸ್ಥೆಯ ವಿಜ್ಞಾನಿಗಳು ಬರೆದ ಪ್ರಬಂಧಗಳನ್ನು ಲೋಕದ ಉಳಿದ ವಿಜ್ಞಾನಿಗಳು ತಮ್ಮ ಬರಹದಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸಬೇಕು. ತಮ್ಮನ್ನು ತಾವೇ ಉಲ್ಲೇಖಿಸಿಕೊಂಡಿದ್ದನ್ನು ಕಳೆಯಬೇಕು. ಜೊತೆಗೆ ಕೂತು ಬರೆದವರು ಉಲ್ಲೇಖಿಸಿದ್ದನ್ನೂ ಕಳೆಯಬೇಕು. "ತಮ್ಮ ಬೆನ್ನು ತಾವೇ ತಟ್ಕೊಂಡಿದ್ದು ಲೆಕ್ಕಕ್ಕಿಲ್ಲ ಅಣ್ಣಾ," ಎನ್ನುತ್ತಿದ್ದಳು. ಓದಿದ ಪ್ರತಿ ಸಾಲಿನ ಪಕ್ಕ ಕೆಂಪು ಪೆನ್ಸಿಲಿನಿಂದ ಒಂದು ಗೀರು ಎಳೆಯುವುದು ಅವಳ ಪದ್ಧತಿ. ಆ ಪೆನ್ಸಿಲನ್ನು ಜಡೆಗೆ ಸಿಕ್ಕಿಸಿಕೊಂಡು ಮೇಜಿನಡಿ ಹುಡುಕುವುದೂ ಅವಳ ಪದ್ಧತಿಯೇ.

ಆ ವಾರ ಕಂಪ್ಯೂಟರ್ ವಿಭಾಗದ ಮೇಡಂ ಒಬ್ಬರ ಸರದಿ. ಅವರ ಐದು ವರ್ಷದ ತಾತ್ಕಾಲಿಕ ಕೆಲಸ ಮುಗಿಯುತ್ತ ಬಂದಿತ್ತು. ಉಲ್ಲೇಖ ನೂರು ದಾಟಿದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಲೆಕ್ಕದಕ್ಕ ಅವರ ಅರ್ಜಿಯಲ್ಲಿದ್ದ ಹೆಸರು ಹಿಡಿದು ಎಣಿಸಿ, ನಲವತ್ತೊಂದು ಎಂದು ಬರೆದು, ಲಕೋಟೆ ಅಂಟಿಸಿ ಮೇಲಕ್ಕೆ ಕಳಿಸಿದ್ದಳು. ಲೆಕ್ಕವನ್ನು ಮೇಡಂಗೆ ತೋರಿಸುವ ಹಾಗಿರಲಿಲ್ಲ.

ಕಾಯಂ ತೀರ್ಮಾನಿಸುವ ಸಭೆಯ ದಿನ ಬೆಳಿಗ್ಗೆ ಮೇಡಂ ತಮ್ಮ ಹಳೆಯ ಪಿಎಚ್‌ಡಿ ಪ್ರಬಂಧವನ್ನು ನನ್ನ ಮೇಜಿನ ಮೇಲಿಟ್ಟು, ಸಂಜೆಗೆ ರಟ್ಟು ಹಾಕಿಕೊಡಿ ಎಂದು ಹೇಳಿ ಹೋದರು. ಮೊದಲ ಪುಟ ತೆಗೆದೆ. ಹೆಸರೇ ಬೇರೆ.

"ನೋಡು, ಯಾರ್ದೋ ಪುಸ್ತಕ ತಂದು ನನ್ನ ತಲೆಗೆ ಕಟ್ಟಿ ಹೋಗಿದಾರೆ," ಎಂದು ರೇಗಿದೆ.

ಲೆಕ್ಕದಕ್ಕ ಎದ್ದು ಬಂದು ಬಗ್ಗಿ ನೋಡಿದಳು. ಮುಖ ಬಿಳಿಚಿಕೊಂಡಿತು. "ಇದು ಅವರದ್ದೇ ಅಣ್ಣಾ, ಮದುವೆಗೆ ಮುಂಚಿನ ಹೆಸರು. ಎಣಿಸ್ವಾಗ ಈ ಹೆಸರು ಕಣ್ಣಿಗೆ ಬಿತ್ತು. ಬೇರೆ ಯಾರೋ ಹೆಂಗಸು ಅಂತ ಬಿಟ್ಬಿಟ್ಟೆ."

ಕೂತು ಮತ್ತೆ ಎಣಿಸಿದಳು. ಹಳೆಯ ಹೆಸರಿನಲ್ಲಿ ಎಂಬತ್ತಾರು. ಒಟ್ಟು ನೂರ ಇಪ್ಪತ್ತೇಳು. ಸಭೆಗೆ ಇನ್ನು ಇಪ್ಪತ್ತು ನಿಮಿಷವಿತ್ತು.

ಹೋದ ವರ್ಷ ಒಂದು ಮೊತ್ತ ತಪ್ಪಿದಾಗ ನಿರ್ದೇಶಕರು ಎಲ್ಲರೆದುರೇ ಹೇಳಿದ್ದರು, ಇನ್ನೊಂದು ತಪ್ಪಾದರೆ ಈ ಕುರ್ಚಿಗೆ ಬೇರೆಯವರು ಬರುತ್ತಾರೆಂದು. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಇನ್ನೂ ಓದುವ ಇಬ್ಬರು ಹೆಣ್ಣುಮಕ್ಕಳು.

"ಸುಮ್ನಿದ್ಬಿಡು. ಯಾರಿಗ್ ಗೊತ್ತಾಗತ್ತೆ?" ಎಂದೆ. ಭಯಕ್ಕೆ ಆಡಿದ ಮಾತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಸಂಜೆ ಆಯಮ್ಮ ಪುಸ್ತಕ ತಗೊಳಕ್ಕೆ ಇಲ್ಲಿಗೇ ಬರ್ತಾರಲ್ಲ, ಆಗ ನಾನೆಲ್ಲಿ ಬಚ್ಚಿಟ್ಕೊಳ್ಳಲಿ?" ಎಂದಳು. ಪ್ರಬಂಧವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ನಾನು ಹಿಂದೆಯೇ ಹೋಗಿ ಬಾಗಿಲಾಚೆ ನಿಂತೆ.

"ಯಾರ ತಪ್ಪಿದು?" ನಿರ್ದೇಶಕರ ದನಿ ಕೇಳಿಸಿತು.

"ನಂದೇ ಸರ್."

ಕಾಗದ ಮಗುಚುವ ಸದ್ದು. "ಸರಿ, ತಿದ್ದಿ ಸಹಿ ಹಾಕಿ. ನಿಮ್ಮ ವಿಷಯ ಆಮೇಲೆ ನೋಡೋಣ."

ಸಂಜೆ ಮೇಡಂ ಬಂದರು. ಕೆಲಸ ಕಾಯಂ ಆಗಿತ್ತು. ನಡೆದದ್ದನ್ನೆಲ್ಲ ಲೆಕ್ಕದಕ್ಕ ತಾನೇ ಹೇಳಿದಳು. ಮೇಡಂ ಅವಳ ಕೈ ಹಿಡಿದುಕೊಂಡರು. "ಹಳೇ ಹೆಸರು ಬರ್ದಿದ್ನಲ್ಲ ಅಕ್ಕಾ. ಅರ್ಜಿ ಹಿಂದ್ಗಡೆ."

ಅವರು ಹೋದ ಮೇಲೆ ಇಬ್ಬರೂ ಅರ್ಜಿ ತಿರುಗಿಸಿ ನೋಡಿದೆವು. ಎಂಟು ವರ್ಷದ ಹಿಂದೆ ಕಾಗದ ಉಳಿಸಲೆಂದು ಅರ್ಜಿಯನ್ನು ಎರಡೂ ಬದಿ ಅಚ್ಚು ಹಾಕಿಸಿದ್ದರು; ಬೇರೆ ಹೆಸರಿದ್ದರೆ ಬರೆಯುವ ಜಾಗ ಹಿಂಬದಿಗೆ ಹೋಗಿತ್ತು. ಕತ್ತರಿಸಿ ಕಟ್ಟು ಕಟ್ಟಿ ಕೊಟ್ಟವನು ನಾನೇ. ಹಿಂದೆಯೂ ಅಚ್ಚಿದೆ ಕಣೇ ಎಂದು ಒಂದು ಮಾತು ಹೇಳಿರಲಿಲ್ಲ; ಇಷ್ಟು ವರ್ಷವೂ ಅವಳು ಮುಂಬದಿಯನ್ನಷ್ಟೇ ಓದಿದ್ದಳು.

ಲೆಕ್ಕದಕ್ಕ ಬೀರುವಿನ ಕೆಳಗಿನ ಖಾನೆ ಎಳೆದಳು. ನೂರು ದಾಟದೆ ಮನೆಗೆ ಹೋದವರ ಅರ್ಜಿಗಳು ಇರುವುದು ಅಲ್ಲಿ.

"ಬೇಡ, ನಾಳೆ ನೋಡಿದ್ರಾಯ್ತು," ಎಂದೆ.

ಅವಳು ಮೇಲಿದ್ದ ಅರ್ಜಿಯನ್ನು ತಿರುಗಿಸಿದಳು. ದುಂಡಗಿನ ಅಕ್ಷರದಲ್ಲಿ ಎರಡು ಸಾಲು ಬರೆದಿತ್ತು. ಪಕ್ಕದಲ್ಲಿ ಕೆಂಪು ಗೀರು ಇರಲಿಲ್ಲ.