ನಾನು ಹುಟ್ಟಿದ ರಾತ್ರಿಯ ಚಂದ್ರ

ನಾನು ಮಂಡ್ಯದ ಸರ್ಕಾರಿ ಆಸ್ಪತ್ರೆಯಲ್ಲಿ ಕಾರ್ತಿಕ ಹುಣ್ಣಿಮೆಯ ರಾತ್ರಿ ಹುಟ್ಟಿದವಳು. ಕರೆಂಟು ಹೋಗಿತ್ತಂತೆ. ಕಿಟಕಿಯಿಂದ ಬಂದ ಬೆಳದಿಂಗಳಲ್ಲೇ ನರ್ಸಮ್ಮ ನನ್ನ ಕಾಲಿನ ಬೆರಳುಗಳನ್ನು ಎಣಿಸಿ, ಎಲ್ಲ ಸರಿಯಾಗಿವೆ ಎಂದಿದ್ದಳಂತೆ. ಕ್ಯಾಲಿಫೋರ್ನಿಯಾದ ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿಗೆ ಊಟಕ್ಕೆ ಬಂದವರು ಯಾರೂ ಈ ಕಥೆ ಕೇಳದೆ ಎದ್ದುಹೋದದ್ದಿಲ್ಲ. ನಾನು ಕಾಲೇಜಿನಲ್ಲಿ ಖಗೋಳಶಾಸ್ತ್ರ ತೆಗೆದುಕೊಂಡ ಮೇಲಂತೂ ಅಮ್ಮ ಅದಕ್ಕೊಂದು ಬಾಲ ಸೇರಿಸಿದಳು: "ಹುಣ್ಣಿಮೇಲಿ ಹುಟ್ಟಿದ್ದಲ್ವಾ, ಅದಕ್ಕೇ ಆಕಾಶ ನೋಡೋ ಹುಚ್ಚು." ಬಂದವರು ನಗುತ್ತಿದ್ದರು. ಆಮೇಲೆ ದನಿ ತಗ್ಗಿಸಿ, ಕಂಪ್ಯೂಟರ್ ಸೈನ್ಸು ಯಾಕೆ ಬೇಡವಾಯಿತು ಎಂದು ಕೇಳುತ್ತಿದ್ದರು.

ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಆಗ ಡಾಟ್‌ಕಾಂನ ಕಾಲ. ನನಗಿಂತ ದಡ್ಡರಾದ ಹುಡುಗರು ಓದು ಅರ್ಧಕ್ಕೆ ಬಿಟ್ಟು ಕಂಪನಿ ಸೇರಿ, ಹೊಸ ಕಾರಿನಲ್ಲಿ ಬಂದು ನನ್ನನ್ನು ಮರುಕದಿಂದ ನೋಡುತ್ತಿದ್ದರು. ನಾನು ಮಾತ್ರ ರೈಲಿನಲ್ಲಿ ಕೂತು ಯೂನಿವರ್ಸಿಟಿಗೆ ಹೋಗಿ ಬರುತ್ತಿದ್ದೆ. ಬ್ಯಾಗಿನಲ್ಲಿ ಸದಾ ಒಂದು ಹಾಳೆ ಇರುತ್ತಿತ್ತು.

ಆ ಹಾಳೆಯನ್ನು ಮೊದಲ ವರ್ಷವೇ ನನಗೆ ಕೊಟ್ಟವರು ನಮ್ಮ ವಿಭಾಗದ ಹಿರಿಯ ಪ್ರೊಫೆಸರಮ್ಮ. ವಿದ್ಯಾರ್ಥಿಗಳಿಗೆ ಯಾವಾಗ ಏನು ಓದಬೇಕೆಂದು ಸಲಹೆ ಕೊಡುವ ಕೆಲಸ ಅವರದು. ಎಂಟು ಸೆಮಿಸ್ಟರಿಗೆ ಎಂಟು ಚೌಕ. ಮೊದಲ ನಾಲ್ಕರಲ್ಲಿ ಫಿಸಿಕ್ಸು ಮತ್ತು ಮ್ಯಾಥ್ಸು, ಅದೂ ಒಂದಾದ ಮೇಲೆ ಒಂದು. ಒಂದನ್ನು ಹಿಂದುಮುಂದು ಮಾಡಿದರೆ ಇಡೀ ವರ್ಷ ಹೋಯಿತು. ಆಮೇಲೆ ಟೆಲಿಸ್ಕೋಪಿನ ಲ್ಯಾಬುಗಳು, ಕೊನೆಗೆ ಸ್ವಂತ ಸಂಶೋಧನೆ. ಆರನೆಯ ಮತ್ತು ಏಳನೆಯ ಚೌಕದ ನಡುವೆ ಅವರು ಪೆನ್ಸಿಲಿನಲ್ಲಿ 'ಬೆಟ್ಟ' ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದರು. ಮೂರನೆಯ ವರ್ಷ ಮುಗಿದ ಬೇಸಿಗೆಯಲ್ಲಿ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಹತ್ತು ವಾರ ಕೆಲಸ ಮಾಡಬೇಕು ಎಂದು ಅದರ ಅರ್ಥ. ಮಾರ್ಕ್ಸು ಎಲ್ಲರಿಗೂ ಬರುತ್ತದೆ, ಪಿಎಚ್‌ಡಿಗೆ ಸೀಟು ಕೊಡುವವರು ನೋಡುವುದು ಈ ಬೇಸಿಗೆಯನ್ನು ಎಂದು ಅವರು ಹೇಳಿದ್ದರು.

ಮೂರನೆಯ ವರ್ಷದ ಜನವರಿಯಲ್ಲಿ ಆ ಬೆಟ್ಟದ ಅರ್ಜಿ ಕೈಗೆ ಬಂತು. ಗ್ರೀನ್‌ಕಾರ್ಡ್ ಇದೆಯೇ ಎಂಬುದು ಅದರ ಮೊದಲ ಪ್ರಶ್ನೆ. ಇರಲಿಲ್ಲ. ಹದಿನೈದನೇ ವಯಸ್ಸಿಗೆ ಅಪ್ಪನ ವೀಸಾದ ಬಾಲ ಹಿಡಿದು ಬಂದವಳು ನಾನು. ಆದರೆ ಮನೆಯವರೆಲ್ಲರ ಗ್ರೀನ್‌ಕಾರ್ಡಿನ ಅರ್ಜಿ ಕ್ಯೂನಲ್ಲಿತ್ತು. ಬೇಸಿಗೆಯೊಳಗೆ ಬಂದರೆ ಟಿಕ್ ಹಾಕು, ಅಲ್ಲಿಯವರೆಗೆ ಜಾಗ ಹಿಡಿದಿರುತ್ತೇನೆ ಎಂದರು ಪ್ರೊಫೆಸರಮ್ಮ. ಎರಡನೆಯ ಪ್ರಶ್ನೆ ಹುಟ್ಟಿದ ತಾರೀಖು. ಪಾಸ್‌ಪೋರ್ಟು ತೆಗೆದು ನೋಡಿ ಬರೆದೆ. ಬರೆದ ಮೇಲೆ ಅದನ್ನೇ ಇನ್ನೊಮ್ಮೆ ಓದಿದೆ.

ಪಾಸ್‌ಪೋರ್ಟಿನಲ್ಲಿ ಮೇ ತಿಂಗಳಿತ್ತು. ನಾನು ಹುಟ್ಟಿದ್ದು ನವೆಂಬರಿನಲ್ಲಿ. ನಮ್ಮ ತಾತ ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೋದಾಗ ವಯಸ್ಸು ಸಾಲದೆ ಬಂದಿತ್ತು. "ಇನ್ನೊಂದ್ ವರ್ಸ ಇವಳ ಕಾಟ ತಡಿಯೋರ್ಯಾರು? ಮೇ ಅಂತ ಬರ್ಕೊಳಿ ಮೇಷ್ಟ್ರೆ," ಅಂದರಂತೆ. ಮೇಷ್ಟ್ರು ಬರೆದುಕೊಂಡರು. ನಮ್ಮ ಬೀದಿಯ ಅರ್ಧ ಮಕ್ಕಳು ಹಾಗೇ ಮೇ ತಿಂಗಳಲ್ಲಿ ಹುಟ್ಟಿದವರು. ಮನೆಯಲ್ಲಿ ನನ್ನ ಹುಟ್ಟುಹಬ್ಬ ಹುಣ್ಣಿಮೆ ನೋಡಿಕೊಂಡು ನಡೆಯುತ್ತಿತ್ತು, ಪಾಯಸವಾಗುತ್ತಿತ್ತು. ಮೇ ತಿಂಗಳು ಯಾರಿಗೂ ನೆನಪಿರಲಿಲ್ಲ.

ಆ ಸಂಜೆ ಅಪ್ಪ ಫಾಸ್ಟರ್ ಸಿಟಿಯ ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದರು.

"ಅಪ್ಪಾ, ನಂಗೆ ಇಪ್ಪತ್ತೊಂದು ತುಂಬೋದು ಯಾವಾಗ?"

"ನವೆಂಬರು. ಅಷ್ಟ್ರೊಳಗೆ ಕಾರ್ಡು ಬರುತ್ತೆ ಕಣಮ್ಮ, ಲಾಯರ್ರು ಜೂನು ಅಂದಿದಾರೆ."

"ಪಾಸ್‌ಪೋರ್ಟಲ್ಲಿ?"

ಒಂದು ಶೂ ಕೈಯಲ್ಲೇ ಉಳಿಯಿತು. ಇಪ್ಪತ್ತೊಂದು ತುಂಬಿದ ಮಗಳಿಗೆ ಅಪ್ಪನ ಅರ್ಜಿಯಲ್ಲಿ ಜಾಗವಿಲ್ಲ. ಆ ದಿನ ಬಂದರೆ ಅಪ್ಪ ಅಮ್ಮನಿಗೆ ಕಾರ್ಡು, ನನಗೆ ಮಂಡ್ಯದ ದಾರಿ. ಅಷ್ಟು ವರ್ಷ ಅಪ್ಪ ಮಾಡಿದ ಲೆಕ್ಕವೆಲ್ಲ ಅಮ್ಮನ ಹುಣ್ಣಿಮೆಯ ಲೆಕ್ಕ; ಲಾಯರಿಗೂ ಫೋನಿನಲ್ಲಿ ಅದನ್ನೇ ಹೇಳಿದ್ದರು. ನಮಗೆ ಉಳಿದದ್ದು ನಾಲ್ಕೇ ತಿಂಗಳು.

ನಿಜವಾದ ತಾರೀಖು ಹಾಕಿಸಿ ತಿದ್ದಿಸೋಣವೆಂದು ಅಪ್ಪ ಹೊರಟರು. ಈಗ ಒಂದನ್ನು ತಿದ್ದಿದರೆ ಎಲ್ಲ ಕಾಗದಗಳ ಮೇಲೂ ಅನುಮಾನ ಬರುತ್ತದೆ ಎಂದು ಲಾಯರು ಹೆದರಿಸಿದರು. ಬದಲಿಗೆ, ಹುಡುಗಿಗೆ ವಯಸ್ಸು ಮೀರುತ್ತಿದೆ, ಬೇಗ ಕರೆಯಿರಿ ಎಂದು ಬೇಡಿಕೊಂಡು ಇಮಿಗ್ರೇಶನ್ ಆಫೀಸಿಗೆ ಪತ್ರ ಬರೆದರು. ಆಮೇಲೆ ಕಾಯುವುದು. ನನಗೆ ಅಂಥ ಭಯ ಹಿಂದೆಂದೂ ಆಗಿರಲಿಲ್ಲ. ಪೋಸ್ಟಿನವನ ಗಾಡಿ ಕಂಡರೆ ಅವನಿಗಿಂತ ಮೊದಲೇ ಡಬ್ಬದ ಹತ್ತಿರ ಓಡುತ್ತಿದ್ದೆ. ಅಷ್ಟರಲ್ಲಿ ಡಾಟ್‌ಕಾಂನ ಗುಳ್ಳೆ ಒಡೆದು, ಅಪ್ಪನ ಕಂಪನಿಯಲ್ಲಿ ವಾರಕ್ಕೆ ಹತ್ತು ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಿದ್ದರು. ನಮ್ಮ ಅರ್ಜಿ ನಿಂತಿದ್ದೇ ಅಪ್ಪನ ಕೆಲಸದ ಮೇಲೆ; ಅದು ಹೋದರೆ ಮೇವರೆಗೆ ಕಾಯುವ ಪ್ರಮೇಯವೂ ಇರುತ್ತಿರಲಿಲ್ಲ. ಬ್ಯಾಗಿನಲ್ಲಿದ್ದ ಹಾಳೆಯನ್ನು ತೆಗೆದು ಏಳು, ಎಂಟನೆಯ ಚೌಕಗಳನ್ನು ನೋಡಿ ಮತ್ತೆ ಮಡಿಸಿಡುತ್ತಿದ್ದೆ.

ಅದೇ ಸಮಯಕ್ಕೆ ಲ್ಯಾಬಿನಲ್ಲಿ ಪ್ರೊಫೆಸರಮ್ಮ ಒಂದು ಲೆಕ್ಕ ಕೊಟ್ಟರು: ನೀವು ಹುಟ್ಟಿದ ರಾತ್ರಿ ನಿಮ್ಮ ಊರಿನ ಆಕಾಶದಲ್ಲಿ ಚಂದ್ರ ಎಲ್ಲಿದ್ದ? ನಾನು ಎರಡು ತಾರೀಖಿಗೂ ಮಾಡಿದೆ. ನವೆಂಬರಿನ ರಾತ್ರಿ ಅಮ್ಮ ಹೇಳಿದಂತೆಯೇ ತುಂಬು ಚಂದ್ರ. ಮೇ ತಿಂಗಳ ತಾರೀಖಿಗೆ ಅಮಾವಾಸ್ಯೆ. ಶಾಲೆ, ಪಾಸ್‌ಪೋರ್ಟು, ಸರ್ಕಾರ ಎಲ್ಲ ಸುಳ್ಳು ಹೇಳಬಹುದು, ಚಂದ್ರ ಹೇಳುವುದಿಲ್ಲವಲ್ಲ! ಯಾರಾದರೂ ಲೆಕ್ಕ ಹಾಕಿ ಹಿಡಿದುಬಿಡುತ್ತಾರೆಂದು ಹುಚ್ಚು ಹೆದರಿಕೆ ಹತ್ತಿತು. ಹುಣ್ಣಿಮೆಯ ಹಾಳೆಯನ್ನು ಹರಿದುಹಾಕಿ ಅಮಾವಾಸ್ಯೆಯದನ್ನು ಒಪ್ಪಿಸಿದೆ.

ಏಪ್ರಿಲ್ ಕೊನೆಗೆ ಸ್ಯಾನ್‌ಫ್ರಾನ್ಸಿಸ್ಕೋದ ಆಫೀಸಿಗೆ ಸಂದರ್ಶನಕ್ಕೆ ಕರೆ ಬಂತು. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಅಧಿಕಾರಿ ನಮ್ಮ ಮೂವರಿಂದಲೂ ಬಲಗೈ ಎತ್ತಿಸಿ, ಸತ್ಯವನ್ನೇ ಹೇಳುತ್ತೇವೆ ಎಂದು ಪ್ರಮಾಣ ಮಾಡಿಸಿದ. ಕೈ ಇಳಿಸಿದ ಕೂಡಲೇ ನನ್ನ ಹುಟ್ಟಿದ ದಿನ ಕೇಳಿದ. ಮೇ ಎಂದೆ.

ಅವನು ಫೈಲು ತಿರುವುತ್ತಾ, ಸುಮ್ಮನೆ ಮಾತಿಗೆ ಎಂಬಂತೆ ಅಮ್ಮನ ಕಡೆ ನೋಡಿ ನಕ್ಕ. ತಾಯಂದಿರು ಆ ದಿನವನ್ನು ಮರೆಯುವುದೇ ಇಲ್ಲ, ಅಲ್ಲವೇ ಎಂದ.

ಕೇಳಬಾರದ್ದನ್ನು ಕೇಳಿಬಿಟ್ಟಿದ್ದ. ಇನ್ನು ಕರೆಂಟು ಹೋಗುತ್ತದೆ, ಬೆಳದಿಂಗಳು ಬರುತ್ತದೆ, ನರ್ಸಮ್ಮ ಬೆರಳು ಎಣಿಸುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ಅಪ್ಪ ನೆಲ ನೋಡುತ್ತಿದ್ದರು.

ಅಮ್ಮ ಸೆರಗು ಸರಿಮಾಡಿಕೊಂಡಳು. "ಯೆಸ್. ವೆರಿ ಹಾಟ್ ಡೇ," ಎಂದಳು. "ಆಫ್ಟರ್‌ನೂನು. ಟೂ ಮಚ್ ಸನ್."

ಅಧಿಕಾರಿ ತಲೆಯಾಡಿಸಿ ಮೂರೂ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ. ಕಾರ್ಡು ಕೈಗೆ ಬರುವವರೆಗೆ ಆ ಮುದ್ರೆಯೇ ಕಾರ್ಡು. ಮರುದಿನ ನಾನು ಅರ್ಜಿಯಲ್ಲಿ ಟಿಕ್ ಹಾಕಿದೆ. ಪ್ರೊಫೆಸರಮ್ಮ ನನ್ನ ಲೆಕ್ಕದ ಹಾಳೆ ಹಿಂತಿರುಗಿಸಿದರು. ಚಂದ್ರನ ಕಾಟವಿಲ್ಲದ ರಾತ್ರಿ, ನಕ್ಷತ್ರ ನೋಡುವ ನಮ್ಮಂಥವರು ಹುಟ್ಟುವುದಕ್ಕೆ ಇನ್ನೇನು ಬೇಕು ಎಂದು ಅಂಚಿನಲ್ಲಿ ಬರೆದಿದ್ದರು. ಜೂನಿನಲ್ಲಿ ಬೆಟ್ಟ ಹತ್ತಿದೆ.

ಹತ್ತು ವಾರದ ಮೇಲೆ ಮನೆಗೆ ಬಂದಾಗ ಡ್ಯಾನ್‌ವಿಲ್‌ನಿಂದ ಪರಿಚಯದವರು ಊಟಕ್ಕೆ ಬಂದಿದ್ದರು. ಮಗಳಿಗೆ ಈ ಆಕಾಶದ ಹುಚ್ಚು ಎಲ್ಲಿಂದ ಬಂತು ಎಂದು ಕೇಳಿದರು. ನಾನು ಕಾದೆ. ಅಮ್ಮ ಸಾರಿನ ಸೌಟು ಹಿಡಿದು ನಿಂತೇ ಇದ್ದಳು.

"ಹೇಳಮ್ಮ, ಆ ಹುಣ್ಣಿಮೆ ರಾತ್ರಿ," ಎಂದೆ ನಾನೇ.

"ಯಾವ ಹುಣ್ಣಿಮೆನೇ? ಸುಮ್ನೆ ಊಟ ಮಾಡು," ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.