ಹಸಿವಿನ ದಾರಿ ಕಾಯುವ ಕಮರುನ್ನಿಸಾ

ಬೆಳಗಿನ ಐದು ಗಂಟೆ. ಗಜೇಂದ್ರಗಡದ ಗುಡ್ಡ ಇನ್ನೂ ಕತ್ತಲಲ್ಲಿದೆ, ಕಮರುನ್ನಿಸಾ ಅವರ ಒಲೆ ಮಾತ್ರ ಆಗಲೇ ಕೆಂಪಗೆ ಉರಿಯುತ್ತಿದೆ. ಜೋಳದ ಹಿಟ್ಟಿಗೆ ಎಸರು ಸುರಿದು, ನಾದಿ, ಪಟಪಟನೆ ಬಡಿದು ಹಂಚಿಗೆ ಹಾಕುತ್ತಾರೆ. ಒಂಬತ್ತರೊಳಗೆ ಬಸ್ ನಿಲ್ದಾಣದ ಖಾನಾವಳಿಗೆ ಇನ್ನೂರೈವತ್ತು ರೊಟ್ಟಿ ಹೋಗಬೇಕು. ಈ ವಾಸನೆಗೆ ಮಲಗಿದ ಓಣಿಯ ಹೊಟ್ಟೆಯೆಲ್ಲ ಚುರುಗುಟ್ಟುತ್ತದೆ. ಬಡಿಯುವವರಿಗೆ ಮಾತ್ರ ಆರು ವರ್ಷದಿಂದ ಹಸಿವೇ ಆಗಿಲ್ಲ.

ಆಗ ಅವರಿಗೆ ನಲವತ್ತೆರಡು. ತಲೆನೋವು, ಕಣ್ಣು ಮಂಜು ಎಂದು ಹೋದವರಿಗೆ ಹುಬ್ಬಳ್ಳಿಯಲ್ಲಿ ಮೆದುಳಿನ ಬುಡದ ಗಂಟು ತೆಗೆದರು. ಜೀವ ಉಳಿಯಿತು. ಆದರೆ ಗಂಟಿನ ಮಗ್ಗುಲಲ್ಲೇ ಇದ್ದ, ಬಾದಾಮಿ ಬೀಜದಷ್ಟೇ ದೊಡ್ಡ ಭಾಗವೊಂದಕ್ಕೆ ಪೆಟ್ಟಾಗಿತ್ತು. ಹಸಿವು, ಮೈಕಾವು, ಹಾರ್ಮೋನುಗಳ ಏರಿಳಿತ ಎಲ್ಲದರ ಯಜಮಾನಿಕೆ ಅದರದ್ದೇ.

"ಹಸಿವು ಹೊಟ್ಟ್ಯಾಗ ಇರತೈತಿ ಅಂದ್ಕೊಂಡಿದ್ನಿರಿ. ಅದು ತಲ್ಯಾಗ ಇರತೈತಂತ. ಹೊಟ್ಟಿ ಚೀಟಿ ಕಳಸತೈತಿ, ಅದನ್ನ ಓದಾಕ ಅಲ್ಲಿ ಯಾರೂ ಇಲ್ಲ," ಎನ್ನುತ್ತಾರೆ ರೊಟ್ಟಿ ಮಗುಚುತ್ತ.

ಹಸಿವಿಲ್ಲದಿದ್ದರೆ ಪುಣ್ಯವಂತೆಯೇ ಸರಿ ಎಂದವರು ಓಣಿಯಲ್ಲಿದ್ದರು. ಅರವತ್ತೆರಡು ಕಿಲೋ ಇದ್ದ ಮೈ ನಲವತ್ತನಾಲ್ಕಕ್ಕೆ ಇಳಿದಾಗ ಆ ಬಾಯಿಗಳು ಮುಚ್ಚಿದವು. ಈಗ ಪಕ್ಕದ ಮನೆಯಲ್ಲಿ ಸೀರೆ ನೇಯುವ ಅನ್ನವ್ವ ಮಧ್ಯಾಹ್ನ ಮಗ್ಗ ನಿಲ್ಲಿಸಿ ಗೋಡೆಯಾಚೆಯಿಂದ ಕೂಗುತ್ತಾರೆ: "ಕಮರವ್ವಾ, ನಾ ಉಣ್ಣಾಕ ಕುಂತೆ, ನೀನೂ ಕುಂದ್ರು." ಇವರು ಎರಡು ರೊಟ್ಟಿ, ಪಲ್ಯ ಹಾಕಿಕೊಂಡು ಕೂರುತ್ತಾರೆ. "ಅನ್ನವ್ವನ ಹಸಿವ ನನ್ನ ಗಡಿಯಾರ್ರಿ."

ಆಪರೇಷನ್ ಆದ ವರ್ಷದ ರಂಜಾನಿನಲ್ಲಿ ಒಂದು ಎಡವಟ್ಟಾಯಿತು. ಹಸಿವೇ ಆಗದವಳಿಗೆ ರೋಜಾ ಎಷ್ಟರದ್ದು ಎಂದುಕೊಂಡು ಉಪವಾಸ ಹಿಡಿದರು, ಅದರ ಜೊತೆ ದಿನವೂ ನುಂಗಬೇಕಾದ ಮಾತ್ರೆಯನ್ನೂ ಬಿಟ್ಟರು. ಮೈ ತಾನಾಗಿ ತಯಾರಿಸಲಾರದ ಹಾರ್ಮೋನನ್ನು ಆ ಮಾತ್ರೆಯೇ ತುಂಬಿಕೊಡಬೇಕು. ಮೂರನೆಯ ದಿನ ಒಲೆಯ ಮುಂದೆಯೇ ಕುಸಿದರು. ಇನ್ನು ರೋಜಾದ ಹೆಸರೆತ್ತಬೇಡಿ ಎಂದು ವೈದ್ಯರು ಗದರಿ ಕಳಿಸಿದರು.

ರೋಜಾ ಹಿಡಿಯಲಾಗದವರು ದಿನಕ್ಕೊಬ್ಬ ಬಡವರಿಗೆ ಊಟ ಹಾಕುವುದು ಪದ್ಧತಿ. ಅದಕ್ಕೇ ರಂಜಾನಿನ ಪ್ರತಿ ಸಂಜೆ ಬಸ್ ನಿಲ್ದಾಣದ ಹಮಾಲ ಜಂಗ್ಲಿಸಾಬ ಇವರ ಮನೆಯಲ್ಲಿ ರೋಜಾ ಬಿಡುತ್ತಾರೆ. ದಿನವಿಡೀ ಮೂಟೆ ಹೊತ್ತ ಆ ಮುದುಕ ಖರ್ಜೂರ ಬಾಯಿಗಿಟ್ಟು, ಬಿಸಿ ರೊಟ್ಟಿ ಮುರಿಯುವುದನ್ನು ಕಮರುನ್ನಿಸಾ ಬಾಗಿಲಿಗೆ ಒರಗಿ ನೋಡುತ್ತಾರೆ.

"ಮೊದಲನೇ ತುತ್ತಿಗೆ ಅವರ ಮಾರಿ ಅರಳತೈತಲ್ರಿ, ಅದನ್ನ ನೋಡಿ ನನಗ ಹೊಟ್ಟಿಕಿಚ್ಚ ಆಗತೈತಿ. ಸುಳ್ಳ ಯಾಕ ಹೇಳಲಿ? ಸಣ್ಣಾಕಿ ಇದ್ದಾಗ ತವರೂರು ಸೂಡಿಯಾಗ ಸಾಲಿ ಬಿಟ್ಟ ಕೂಡಲೇ ಹಸಗೊಂಡು ಓಡಿ ಬರತಿದ್ದೆ. ಅವ್ವ ಕೈ ತೊಳಿ ಅನ್ನೂದ್ರಾಗ ಅರ್ಧ ರೊಟ್ಟಿ ಆಗಿರತಿತ್ತು. ಆ ಸಂಕಟ ಒಮ್ಮಿ ಬಂದ್ರ ಸಾಕು ಅನಸತೈತಿ."

ಆ ಹಸಿವು ಒಮ್ಮೆ ಬಂದೇ ಬಂತೆಂದು ಇಟ್ಟುಕೊಳ್ಳಿ, ಮೊದಲು ಏನು ತಿನ್ನುತ್ತೀರಿ ಎಂದು ಕೇಳಿದರೆ, ಹಂಚಿನ ಮೇಲಿನ ರೊಟ್ಟಿಯನ್ನು ತೆಗೆದಿಡುತ್ತಾರೆ.

"ಲಗೂನ ತಿನ್ನಂಗಿಲ್ರಿ," ಎನ್ನುತ್ತಾರೆ. "ಸ್ವಲ್ಪ ಹೊತ್ತು ಅದರ ಜೋಡಿ ಸುಮ್ಮನ ಕುಂದರ್ತೀನಿ."