ನಡುಗುವ ಮರಿಗಳು, ತಾತನ ಪಟಾಕಿ

ಡೆಂಕಣಿಕೋಟೆಯ ಆಚೆಗಿನ ನಮ್ಮೂರಿನಲ್ಲಿ ರಾಗಿ ತೆನೆ ಬಲಿಯುವ ಹೊತ್ತಿಗೆ ಎರಡು ಸಂಗತಿ ತಪ್ಪದೆ ನಡೆಯುತ್ತಿದ್ದ ಕಾಲ ಅದು. ಕಾಡಿನಿಂದ ಆನೆಗಳು ಹೊಲಕ್ಕೆ ಇಳಿಯುತ್ತಿದ್ದವು. ಅವನ್ನು ಬೆದರಿಸಲೆಂದು ನಮ್ಮ ತಾತ ದೀಪಾವಳಿಯಲ್ಲಿ ಉಳಿಸಿಟ್ಟ ಬಾಂಬು ಪಟಾಕಿಗಳನ್ನು ಮೊರದಲ್ಲಿ ಹರಡಿ ಬಿಸಿಲಿಗಿಡುತ್ತಿದ್ದ. ಕಾಯಲು ಕೂರಿಸುತ್ತಿದ್ದದ್ದು ಒಂಬತ್ತು ವರ್ಷದ ನನ್ನನ್ನು. ಹಾಲು ಕಾಯಲು ಬೆಕ್ಕನ್ನು ಕೂರಿಸಿದ ಹಾಗೆ.

ಮನೆಯ ಹಿಂದೆ ಅಪ್ಪನ ಹಂದಿ ಶೆಡ್ಡು. ನಾಲ್ಕು ಬಿಳಿ ಹಂದಿಗಳು. ಕೋಸಿನ ಎಲೆ, ಕೊಳೆತ ಟೊಮೇಟೊ, ಬೇಯಿಸಿದ ತೌಡು, ಇವುಗಳ ಹುಳಿ ವಾಸನೆ ನನ್ನ ಯೂನಿಫಾರಂನಲ್ಲೂ ಇರುತ್ತಿತ್ತಂತೆ. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ನನಗೆ ಅದು ಮನೆಯ ವಾಸನೆ, ಅಷ್ಟೆ. ನಾಲ್ಕರಲ್ಲಿ ಬೆಳ್ಳಿ ಎಂಬುದು ನನ್ನದು. ಆ ವರ್ಷ ಅದು ಚೊಚ್ಚಲ ಬಸುರಿ.

ಒಂದು ಮಧ್ಯಾಹ್ನ ಆಸೆ ತಡೆಯಲಾರದೆ ಮೊರದಿಂದ ಒಂದು ಬಾಂಬು ಎತ್ತಿಕೊಂಡು ಶೆಡ್ಡಿನ ಹಿಂದೆ ಹಚ್ಚಿಯೇಬಿಟ್ಟೆ. ಬೆಳ್ಳಿ ಕಿರುಚಿಕೊಂಡು ಗೋಡೆಗೆ ಗುದ್ದಿತು. ಅಜ್ಜಿ ಪೊರಕೆ ಹಿಡಿದೇ ಓಡಿಬಂದಳು. ನಾನು ಹುಲ್ಲಿನ ಮೆದೆಯ ಮರೆಗೆ ಸೇರಿದ್ದೆ. ತಾತ ಮೆದೆಯ ಕಡೆ ಒಮ್ಮೆ ನೋಡಿದ, ಆಮೇಲೆ ಪೊರಕೆಯನ್ನು ನೋಡಿದ. ಒಣಗಿದೆಯೋ ಇಲ್ಲವೋ ಎಂದು ತಾನೇ ಒಂದನ್ನು ಹಚ್ಚಿ ನೋಡಿದೆ ಎಂದುಬಿಟ್ಟ.

ಅದಾದ ಹತ್ತು ದಿನಕ್ಕೆ ಬೆಳ್ಳಿ ಎಂಟು ಮರಿ ಹಾಕಿತು. ಆರು ಮರಿಗಳು ಹುಟ್ಟಿದಾಗಿನಿಂದ ಗಡಗಡ ನಡುಗುತ್ತಿದ್ದವು. ಚಳಿ ಇರಬೇಕೆಂದು ಅಮ್ಮ ಗೋಣಿಚೀಲ ಹೊದಿಸಿ ಬಲ್ಬು ಇಳಿಬಿಟ್ಟಳು. ನಡುಕ ನಿಲ್ಲಲಿಲ್ಲ. ಆಗ ಅಜ್ಜಿಗೆ ಕಾರಣ ಹೊಳೆಯಿತು.

"ಈವಯ್ಯನ ಪಟಾಕಿ ಸದ್ದಿಗೆ ಹೊಟ್ಟೇಲಿದ್ದ ಮರಿಗಳು ಬೆದರ್ಬುಟ್ಟವೆ."

ನಲ್ಲಿಯ ಹತ್ತಿರ, ಅಂಗಡಿಯ ಹತ್ತಿರ, ಕಂಡವರಿಗೆಲ್ಲ ಹೇಳಿದಳು. ಎಲ್ಲರೂ ಹೌದೌದು ಎಂದರು. ತಾತ ತಲೆ ತಗ್ಗಿಸಿಕೊಂಡು ಮುದ್ದೆ ನುಂಗುತ್ತಿದ್ದ. ನಾನು ಅರ್ಧ ಮುದ್ದೆ ಬಿಟ್ಟು ಶೆಡ್ಡಿಗೆ ಓಡುತ್ತಿದ್ದೆ. ಮರಿಗಳ ತಲೆ ಎಷ್ಟು ಅಲುಗುತ್ತಿತ್ತೆಂದರೆ ಮೊಲೆ ಬಾಯಿಗೆ ಸಿಗುತ್ತಿರಲಿಲ್ಲ, ಸಿಕ್ಕರೂ ಜಾರುತ್ತಿತ್ತು. ಎರಡನೆಯ ದಿನ ಒಂದು ಸತ್ತಿತು. ಅದನ್ನು ಕೊಂದವಳು ನಾನೇ ಎಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅಷ್ಟು ಹೇಡಿ ನಾನು.

ಮೂರನೆಯ ದಿನ ಅಪ್ಪ ಡೆಂಕಣಿಕೋಟೆಯಿಂದ ದನದ ಡಾಕ್ಟರನ್ನು ಕರೆತಂದ. ಅವರು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳಿದರು. ಪಟಾಕಿಗೂ ಇದಕ್ಕೂ ಸಂಬಂಧವೇ ಇಲ್ಲ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಯಾವುದೋ ವೈರಸ್ ತಗುಲಿದೆ. ಕರೆಂಟು ವೈರಿಗೆ ಮೇಲೊಂದು ಹೊದಿಕೆ ಇರುವಂತೆ ನರಗಳಿಗೂ ಇರುತ್ತದೆ, ಇವುಗಳಲ್ಲಿ ಅದು ಸರಿಯಾಗಿ ಕೂಡಿಲ್ಲ. ಬೆಳೆಯುತ್ತಾ ಕೂಡಿಕೊಳ್ಳುತ್ತದೆ. ಮದ್ದೇನೂ ಇಲ್ಲ. ಹಿಡಿದು ಹಾಲು ಕುಡಿಸಿದರೆ ಬದುಕುತ್ತವೆ, ಇಲ್ಲದಿದ್ದರೆ ಇಲ್ಲ.

ನಾನು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ. ಮರಿಗಳ ಮೇಲಿನ ಕರುಣೆ ಎಂದುಕೊಂಡರು ಎಲ್ಲರೂ. ತಪ್ಪಾಯಿತು ಎನ್ನುವುದು ಅಜ್ಜಿಯ ಜಾಯಮಾನದಲ್ಲೇ ಇರಲಿಲ್ಲ. ಆದರೆ ಅವತ್ತು ಹಿತಕಿದ ಅವರೆಬೇಳೆ ಸಾರಿನ ಮೇಲೆ ತಾತನ ತಟ್ಟೆಗೆ ಮಾತ್ರ ಎರಡು ಚಮಚ ತುಪ್ಪ ಬಿತ್ತು.

ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಕೆಲಸ. ನಾನು ಶಾಲೆಗೆ ಹೋದಾಗ ತಾತ, ಬಂದ ಮೇಲೆ ನಾನೂ ತಾತನೂ. ಒಂದು ಅಂಗೈಯಲ್ಲಿ ಮರಿಯ ಗದ್ದ, ಇನ್ನೊಂದರಲ್ಲಿ ಬೆನ್ನು. ಅಲುಗದಂತೆ ಒತ್ತಿ ಹಿಡಿದು ಮೊಲೆಗೆ ಬಾಯಿ ಕೊಡಿಸುವುದು. ಐದು ಮುಗಿಯುವಷ್ಟರಲ್ಲಿ ಮೊದಲನೆಯದಕ್ಕೆ ಮತ್ತೆ ಹಸಿವು. ನನ್ನ ಕೈಯಲ್ಲಿ ಅವರೆಕಾಯಿ ಸೊಗಡೂ ಹಂದಿಹಾಲಿನ ವಾಸನೆಯೂ ಬೆರೆತು ಹೋಗಿದ್ದವು. ಹೊಟ್ಟೆ ತುಂಬಿದ ಮರಿ ಮಡಿಲಲ್ಲೇ ನಿದ್ದೆ ಹೋಗುತ್ತಿತ್ತು. ಆಗ ನಡುಕವೂ ನಿಲ್ಲುತ್ತಿತ್ತು.

"ನಿದ್ದೇಲಿ ನೋಡಮ್ಮಣ್ಣಿ, ಒಂಚೂರೂ ನಡುಗಾಕಿಲ್ಲ," ಎಂದು ತಾತ ಪ್ರತಿ ಸಲವೂ ಹೊಸದಾಗಿ ಕಂಡವನಂತೆ ಹೇಳುತ್ತಿದ್ದ.

ಸಂಕ್ರಾಂತಿಗೆ ಏಳೂ ಮರಿಗಳು ಅಂಗಳದಲ್ಲಿ ಕಬ್ಬಿನ ಸಿಪ್ಪೆಗೆ ಕಿತ್ತಾಡುತ್ತಿದ್ದವು. ನಡುಗಿದ್ದು ಯಾವುವು, ನಡುಗದ್ದು ಯಾವುವು ಎಂದು ಅಜ್ಜಿಗೂ ಗೊತ್ತಾಗಲಿಲ್ಲ.

ಪಟಾಕಿಯ ಮಾತನ್ನು ಮಾತ್ರ ನಾವಿಬ್ಬರೂ ಎತ್ತಲೇ ಇಲ್ಲ. ಎಷ್ಟೋ ವರ್ಷಗಳ ಮೇಲೆ ತಾತ ಆಸ್ಪತ್ರೆಗೆ ತೋರಿಸಿಕೊಳ್ಳಲು ಪೇಟೆಯ ಆಲಸನತ್ತಂನಲ್ಲಿ ನಾನು ಮಾಡಿದ್ದ ಮನೆಗೆ ಬಂದಿದ್ದ. ಕೈ ನಡುಗಿ ಕಾಫಿಯ ಲೋಟ ನಿಲ್ಲುತ್ತಿರಲಿಲ್ಲ. ನಾನು ಲೋಟ ಹಿಡಿದು ಕುಡಿಸುವಾಗ, ತಾನೂ ಹಂದಿಮರಿ ಆದೆನೆಂದು ನಕ್ಕ. ಆಗ ಕೇಳಿದೆ, ಅವತ್ತು ಪಟಾಕಿ ಹಚ್ಚಿದ್ದು ತಾನೇ ಎಂದು ಅಜ್ಜಿಗೆ ಯಾಕೆ ಹೇಳಿದನೆಂದು.

"ನಿಮ್ಮಜ್ಜಿ ಬೈಯೋದು ನಂಗೆ ಒಗ್ಗೋಗಿತ್ತು ಕಣಮ್ಮಣ್ಣಿ. ನಿಂಗೆ ಒಗ್ಗಿರ್ಲಿಲ್ಲ."

ಹಾಗೆಂದವನು ಕೂತಲ್ಲೇ ತೂಕಡಿಸಿದ. ನನ್ನ ಕೈಯಲ್ಲಿದ್ದ ಅವನ ಕೈಯ ನಡುಕ ನಿದ್ದೆಯಲ್ಲಿ ನಿಂತಿತು.

ಈಗ ಶೆಡ್ಡಿನ ಜಾಗದಲ್ಲಿ ಯಾರದೋ ಗುಲಾಬಿ ತೋಟವಿದೆ, ವಾಸನೆಗೆ ಯಾರೂ ಮೂಗು ಮುಚ್ಚುವುದಿಲ್ಲ. ಅಜ್ಜಿ ಹೋದಳು, ಹಿಂದೆಯೇ ತಾತನೂ ಹೋದ. ನನ್ನ ತಪ್ಪಿಗೆಲ್ಲ ಈಗ ನಾನೇ ಬೈಸಿಕೊಳ್ಳಬೇಕು. ಅದು ನನಗೆ ಇನ್ನೂ ಒಗ್ಗಿಲ್ಲ.